ದಾಳಿಂಬೆ ರಸ ವಿನೆಗರ್ ಆಯ್ತು, ಶೇಂಗಾ ಎಣ್ಣೆ ಕಮಟಾಯ್ತು. ಎರಡೂ ಒಂದೇ ಆಕ್ಸಿಡೇಷನ್ನಾ?

ಹಿರಿಯೂರು_ತೋಟ

ಎಲ್ಲರಿಗೂ ನಮಸ್ಕಾರ. ನಮ್ಮನೆ ಅಡುಗೆಮನೆಯಲ್ಲಿ ಅಕ್ಕಪಕ್ಕದಲ್ಲೇ ಎರಡು ಪದಾರ್ಥ ಕೆಟ್ಟಿವೆ. ಒಂದು ಕೆಟ್ಟು ಒಳ್ಳೇದಾಯ್ತು, ಇನ್ನೊಂದು ಕೆಟ್ಟು ಕೆಟ್ಟೇ ಹೋಯ್ತು. ಯಾಕೆ ಅಂತ ಕೇಳೋಣ ಅಂತ ಬಂದೆ.

ಮಳೆ ಹೆಚ್ಚಾಗಿ ತೋಟದಲ್ಲಿ ದಾಳಿಂಬೆ ಸೀಳು ಬಿಟ್ಟವು. ಸೀಳು ಬಿಟ್ಟ ಹಣ್ಣನ್ನ ವ್ಯಾಪಾರಿ ಕಣ್ಣೆತ್ತಿಯೂ ನೋಡಲ್ಲ. ಅಮ್ಮ ಎರಡು ಬುಟ್ಟಿ ಹಣ್ಣು ಬಿಡಿಸಿ, ಹಿಂಡಿ, ರಸಾನ ಉಪ್ಪಿನಕಾಯಿ ಜಾಡಿಗೆ ಹಾಕಿ ಬಾಯಿಗೆ ಬಟ್ಟೆ ಕಟ್ಟಿ ಇಟ್ಟಳು. ಶರಬತ್ತು ಮಾಡೋಣ ಅಂತ. ಆಮೇಲೆ ಶೇಂಗಾ ಕೀಳೋ ಕೆಲಸ ಬಂತು, ಜಾಡಿ ಮರೆತೇ ಹೋಯ್ತು. ಮೊದಲ ವಾರ ಗುಳುಗುಳು ನೊರೆ. ಆಮೇಲೆ ಬ್ರಾಂದಿ ಅಂಗಡಿ ಮುಂದೆ ಹಾದುಹೋದಂಥ ವಾಸನೆ. ಅಪ್ಪ "ಚೆಲ್ಲಿ ಬಾ" ಅಂದ್ರು, ಯಾರೂ ಚೆಲ್ಲಲಿಲ್ಲ. ದೀಪಾವಳಿಗೆ ಮನೆ ತೊಳೀವಾಗ ಬಟ್ಟೆ ಬಿಚ್ಚಿದ್ರೆ ಮೇಲೆ ಒಂದು ಪದರ. ಕೆನೆಗಿಂತ ದಪ್ಪ, ಸೌಟಿನಲ್ಲಿ ಎತ್ತಿದ್ರೆ ಹರಿಯಲ್ಲ, ಇಡೀ ತಟ್ಟೆಯಂಗೆ ಜಾರಿಕೊಂಡು ಬರುತ್ತೆ. ಕೆಳಗಿನ ನೀರು ಮೂಗಿಗೆ ಹತ್ತಿರ ತಂದ್ರೆ ಕಣ್ಣು ಉರಿ. ಒಂದು ಹನಿ ನಾಲಿಗೆಗೆ ಹಚ್ಚಿ ನೋಡಿದೆ, ಅಪ್ಪಟ ವಿನೆಗರ್.

ಅದೇ ಮೂಲೇಲಿ ಚಳ್ಳಕೆರೆ ಕಡೆ ಗಾಣದಿಂದ ಶ್ರಾವಣದಲ್ಲಿ ತಂದ 15 ಲೀಟರ್ ಶೇಂಗಾ ಎಣ್ಣೆ ಇತ್ತು. ಅರ್ಧ ಖಾಲಿ ಆಗಿತ್ತು. ಹೋಳಿಗೆಗೆ ಅಂತ ಸುರಿದ್ರೆ ಕಮಟು ವಾಸನೆ. ಹಳೇ ಬಣ್ಣದ ಡಬ್ಬಿ ಮುಚ್ಚಳ ತೆಗೆದಂಗೆ.

ತಂಗಿ ಪಿಯುಸಿ ಸೈನ್ಸ್. ಅವಳು "ಎರಡೂ ಆಕ್ಸಿಡೇಷನ್ ಕಣಣ್ಣ, ಪುಸ್ತಕದಲ್ಲಿ ಐತೆ" ಅಂದು ಎದ್ದು ಹೋದಳು. ಎರಡೂ ಒಂದೇ ಆದ್ರೆ ಒಂದನ್ನ ಉಪ್ಪಿನಕಾಯಿಗೆ ಹಾಕ್ತೀವಿ, ಇನ್ನೊಂದನ್ನ ಯಾಕೆ ಎಸೀಬೇಕು?

ಭಟ್ಟಿಮನೆ_ದಾವಣಗೆರೆ

ಎಸೀಬ್ಯಾಡ್ರಿ ಅಣ್ಣಾ, ದೀಪಕ್ಕಾಗತ್ತೆ. ಉಳಿದದ್ದು ಗೊತ್ತಿರೋರು ಹೇಳ್ತಾರೆ. ನಾನು ಮಂಡಕ್ಕಿ ಹಾಕ್ಕೊಂಡು ಕೂತಿದೀನಿ.

ನಿವೃತ್ತ_ಲ್ಯಾಬ್

ದಾವಣಗೆರೆಯಲ್ಲಿ ಪಿಯು ಮಕ್ಕಳಿಗೆ ಕೆಮಿಸ್ಟ್ರಿ ಹೇಳಿ ನಿವೃತ್ತಿಯಾದವಳು ನಾನು. ನಿಮ್ಮ ತಂಗಿ ಹೇಳಿದ್ದು ಸರಿ, ಆದರೆ ಎದ್ದು ಹೋದದ್ದು ಸರಿಯಿಲ್ಲ. ಪರೀಕ್ಷೆಯಲ್ಲೂ ಮಕ್ಕಳು ಹೀಗೇ ಒಂದು ಪದ ಬರೆದು ಎದ್ದು ಹೋಗುತ್ತಿದ್ದರು.

ಮೊದಲು ಜಾಡಿ. ಅದರಲ್ಲಿ ಎರಡು ಕೆಲಸ ಒಂದರ ಹಿಂದೆ ಒಂದು ನಡೆದಿವೆ. ಹಣ್ಣಿನ ಸಿಪ್ಪೆಯ ಮೇಲಿದ್ದ ಯೀಸ್ಟ್ ಸಕ್ಕರೆಯನ್ನು ಎಥನಾಲ್, ಅಂದರೆ ಕುಡಿಯುವ ಆಲ್ಕೋಹಾಲ್ ಮಾಡಿತು. ನೀವು ಕಂಡ ನೊರೆ ಆಗ ಹೊರಬಿದ್ದ ಇಂಗಾಲದ ಡೈಆಕ್ಸೈಡ್. ಈ ಕೆಲಸಕ್ಕೆ ಗಾಳಿ ಬೇಡ. ಸಕ್ಕರೆ ಮುಗಿಯುತ್ತಾ ಬಂದಂತೆ ಅಸಿಟೋಬ್ಯಾಕ್ಟರ್ ಜಾತಿಯ ಬ್ಯಾಕ್ಟೀರಿಯಾ ಕೂತವು. ಅವಕ್ಕೆ ಗಾಳಿ ಬೇಕೇ ಬೇಕು, ಅದಕ್ಕೇ ಮೇಲ್ಮೈಯಲ್ಲಿ ವಾಸ. ಅಮ್ಮ ಮುಚ್ಚಳ ಬಿಗಿಯದೆ ಬಟ್ಟೆ ಕಟ್ಟಿದ್ದು ಅವಕ್ಕೆ ಬಾಗಿಲು ತೆಗೆದಿಟ್ಟಂತೆ ಆಯಿತು. ನೀವು ಸೌಟಿನಲ್ಲಿ ಎತ್ತಿದ ತಟ್ಟೆ ಅವು ನೇಯ್ದ ಸೆಲ್ಯುಲೋಸ್, ಹತ್ತಿಯಲ್ಲಿರುವ ಅದೇ ಸೆಲ್ಯುಲೋಸ್. ಹತ್ತಿ ಗಿರಣಿಗಳಿದ್ದ ಊರಿನವಳಿಗೆ ಇದು ಹೇಳದೆ ಇರಲು ಆಗಲಿಲ್ಲ. ಪದರ ನುಣ್ಣಗೆ, ಹೊಳಪಾಗಿ ಇದ್ದರೆ ಹೆದರಬೇಡಿ. ಹಸಿರು, ಕಪ್ಪು, ಬಿಳಿ ತುಪ್ಪಟ ಎದ್ದಿದ್ದರೆ ಅದು ಬೂಷ್ಟು, ಆಗ ಜಾಡಿ ಸಮೇತ ತಿಪ್ಪೆಗೆ.

ವೈನ್ ಹುಳಿಯಾಗುವುದಕ್ಕೆ ಜೀವಿಗಳೇ ಕಾರಣ ಅಂತ ಫ್ರಾನ್ಸಿನ ಪಾಶ್ಚರ್ 1860ರ ದಶಕದಲ್ಲಿ ತೋರಿಸಿಕೊಟ್ಟ. ಅದಕ್ಕೂ ಮುಂಚೆ ಬರೀ ಗಾಳಿಯೇ ಹುಳಿ ಮಾಡುತ್ತದೆ ಅಂತ ದೊಡ್ಡ ದೊಡ್ಡವರೇ ನಂಬಿದ್ದರು.

ಈಗ ಒಳಗಿನ ಲೆಕ್ಕ. ಇಲ್ಲಿ ಆಕ್ಸಿಡೇಷನ್ ಅಂದರೆ ಹೈಡ್ರೋಜನ್ ಕೀಳುವುದು. ಎಥನಾಲಿನಲ್ಲಿ ಎರಡು ಇಂಗಾಲ. ಓಎಚ್ ಗುಂಪನ್ನು (ಆಮ್ಲಜನಕಕ್ಕೆ ಅಂಟಿದ ಹೈಡ್ರೋಜನ್) ಹಿಡಿದಿರುವ ಇಂಗಾಲದ ಮೇಲೆ ಎರಡು ಹೈಡ್ರೋಜನ್ ಇವೆ. ಅಲ್ಲಿಂದ ಒಂದು, ಓಎಚ್‌ನಿಂದ ಒಂದು ಕಿತ್ತರೆ ಉಳಿಯುವುದು ಆಲ್ಡಿಹೈಡ್. ಹೈಡ್ರೋಜನ್ ಕಳೆದುಕೊಂಡ ಆಲ್ಕೋಹಾಲ್ ಅನ್ನುವ ಲ್ಯಾಟಿನ್ ಮಾತನ್ನು ಮೊಟಕು ಮಾಡಿ ಜರ್ಮನಿಯ ಲೀಬಿಗ್ ಇಟ್ಟ ಹೆಸರು ಅದು. ಆ ಆಲ್ಡಿಹೈಡ್ ಒಂದು ನೀರಿನ ಅಣು ಹಿಡಿದುಕೊಳ್ಳುತ್ತದೆ, ಒಂದೇ ಇಂಗಾಲದ ಮೇಲೆ ಎರಡು ಓಎಚ್ ಬರುತ್ತವೆ. ಅದರಿಂದ ಮತ್ತೆ ಒಂದು ಜೋಡಿ ಹೈಡ್ರೋಜನ್ ಹೋದರೆ ಆಮ್ಲ. ಎಥನಾಲ್, ಅಸಿಟಾಲ್ಡಿಹೈಡ್, ಅಸಿಟಿಕ್ ಆಮ್ಲ. ಮೂರು ಮೆಟ್ಟಿಲು, ಮೂರರಲ್ಲೂ ಎರಡೇ ಇಂಗಾಲ. ಏನೂ ಒಡೆದಿಲ್ಲ, ಚೂರಾಗಿಲ್ಲ.

ಎಣ್ಣೆಯಲ್ಲಿ ಹಾಗಲ್ಲ. ಅಲ್ಲಿ ಹದಿನೆಂಟು ಇಂಗಾಲದ ಸರಗಳು ಅಲ್ಲಲ್ಲಿ ತುಂಡಾಗುತ್ತವೆ. ಜಾಡಿಯದು ಮೆಟ್ಟಿಲಿಳಿದದ್ದು, ಕ್ಯಾನಿನದು ಗಡಿಗೆ ಬಿದ್ದು ಒಡೆದದ್ದು. ನಿಮ್ಮ ಪ್ರಶ್ನೆಗೆ ಇದೇ ಉತ್ತರ. ಎಣ್ಣೆಯ ಕಥೆ ನಾಳೆ ಬರೆಯುತ್ತೇನೆ, ಕಣ್ಣು ಸೋತಿವೆ.

ಪಿಯು_ಎರಡನೇವರ್ಷ

ಮೇಡಂ, ಒಂದು ಡೌಟ್. ನಮ್ಮ ಪುಸ್ತಕದಲ್ಲಿ ಪ್ರೈಮರಿ ಆಲ್ಕೋಹಾಲ್ (ಎಥನಾಲ್ ಥರದ್ದು) ಆಲ್ಡಿಹೈಡ್ ಆಗುತ್ತೆ ಅಂತ ಒಂದು ಕಡೆ, ಆಸಿಡ್ ಆಗುತ್ತೆ ಅಂತ ಇನ್ನೊಂದು ಕಡೆ ಇದೆ. ಯಾವಾಗ ಎಲ್ಲಿ ನಿಲ್ಲುತ್ತೆ? ಪಿಸಿಸಿ ಹಾಕಿದ್ರೆ ಆಲ್ಡಿಹೈಡ್ ಅಂತ ಬಾಯಿಪಾಠ ಮಾಡಿದೀನಿ, ಯಾಕೆ ಅಂತ ಗೊತ್ತಿಲ್ಲ. (ಮೇಲಿನವರ ತಂಗಿ ನಾನಲ್ಲ!)

ನಿವೃತ್ತ_ಲ್ಯಾಬ್

ಮಗಳೇ, ಉತ್ತರ ನಿನ್ನೆಯ ಬರಹದಲ್ಲೇ ಇದೆ. ಆಲ್ಡಿಹೈಡ್‌ನಿಂದ ಆಮ್ಲಕ್ಕೆ ಹೋಗಲು ಮಧ್ಯೆ ನೀರು ಬೇಕು ಅಂದೆನಲ್ಲ? ಪಿಸಿಸಿ, ಅಂದರೆ ಆಕ್ಸಿಡೇಷನ್ ಮಾಡಿಸುವ ಪಿರಿಡಿನಿಯಂ ಕ್ಲೋರೋಕ್ರೋಮೇಟನ್ನು ನೀರಿಲ್ಲದ ದ್ರಾವಕದಲ್ಲಿ ಹಾಕುತ್ತಾರೆ. ನೀರಿಲ್ಲ, ಎರಡು ಓಎಚ್‌ಗಳ ಆ ರೂಪ ಹುಟ್ಟಲ್ಲ, ಎರಡನೇ ಮೆಟ್ಟಿಲು ಸಿಗಲ್ಲ. ಕೋರಿ ಮತ್ತು ಸಗ್ಸ್ ಇದನ್ನು 1975ರಲ್ಲಿ ಪ್ರಕಟಿಸಿದರು. ಆಮ್ಲ ಬೆರೆಸಿದ ಪೊಟ್ಯಾಸಿಯಂ ಡೈಕ್ರೋಮೇಟ್ ಇರುವುದೇ ನೀರಿನಲ್ಲಿ, ಆದ್ದರಿಂದ ಬಿಟ್ಟರೆ ಆಮ್ಲದ ತನಕ ಓಡುತ್ತದೆ. ಮಧ್ಯೆ ಹಿಡಿಯಬೇಕಾದರೆ ಆಲ್ಡಿಹೈಡ್ ಹುಟ್ಟಿದ ಹಾಗೇ ಭಟ್ಟಿ ಇಳಿಸಿ ಹೊರಗೆ ತೆಗೆಯಬೇಕು. ಎಥನಾಲ್ ಕುದಿಯುವುದು 78 ಡಿಗ್ರಿಗೆ, ಅಸಿಟಿಕ್ ಆಮ್ಲ 118ಕ್ಕೆ, ಅಸಿಟಾಲ್ಡಿಹೈಡ್ ಬರೀ 20ಕ್ಕೆ.

ಈ 20 ಡಿಗ್ರಿಯೇ ನನಗೆ ಕೈಕೊಟ್ಟದ್ದು. ಒಂದು ಏಪ್ರಿಲ್, ಬೇಸಿಗೆ ಶಿಬಿರದ ಮಕ್ಕಳಿಗೆ ತೋರಿಸೋಣ ಅಂತ ಹೊರಟೆ. ಡೈಕ್ರೋಮೇಟಿನ ಕಿತ್ತಳೆ ಬಣ್ಣದ ದ್ರಾವಣ ಹಸಿರಾಯಿತು, ಮಕ್ಕಳು ಚಪ್ಪಾಳೆ ತಟ್ಟಿದರು, ಆದರೆ ಇಳಿಯಬೇಕಾದ ಕೊಳವೆಯಲ್ಲಿ ಒಂದು ಹನಿ ಇಲ್ಲ. ಕಂಡೆನ್ಸರಿಗೆ ಬಿಟ್ಟಿದ್ದು ಮಾಳಿಗೆ ಟ್ಯಾಂಕಿನ ನೀರು. ದಾವಣಗೆರೆ ಏಪ್ರಿಲಿನಲ್ಲಿ ಆ ನೀರಲ್ಲಿ ಕೈ ಇಟ್ಟರೆ ಸುಡುತ್ತದೆ! 20 ಡಿಗ್ರಿಗೆ ಆವಿಯಾಗುವ ವಸ್ತು ಅಲ್ಲಿ ಹೇಗೆ ತಣಿಯಬೇಕು? ಇಡೀ ಲ್ಯಾಬ್ ಮೂಗು ಚುಚ್ಚುವ, ಕಾಯಿಸೇಬಿನಂಥ ವಾಸನೆ. ಅಟೆಂಡರ್ ಓಡಿಹೋಗಿ ಕಬ್ಬಿನ ಹಾಲಿನ ಅಂಗಡಿಯಿಂದ ಒಂದು ಬಕೆಟ್ ಐಸ್ ತಂದ ಮೇಲೆ ನಾಲ್ಕು ಹನಿ ಸಿಕ್ಕಿತು.

ಸೆಕೆಂಡರಿ ಆಲ್ಕೋಹಾಲಿನಲ್ಲಿ ಓಎಚ್ ಹಿಡಿದ ಇಂಗಾಲದ ಮೇಲೆ ಒಂದೇ ಹೈಡ್ರೋಜನ್, ಆದ್ದರಿಂದ ಕೀಟೋನ್ ಆಗಿ ನಿಲ್ಲುತ್ತದೆ. ಟರ್ಶಿಯರಿಯಲ್ಲಿ ಒಂದೂ ಇಲ್ಲ. ಕೀಳಲು ಏನೂ ಇಲ್ಲದಿದ್ದರೆ ಡೈಕ್ರೋಮೇಟ್ ಕಿತ್ತಳೆಯಾಗಿಯೇ ಕೂತಿರುತ್ತದೆ. ಇನ್ನೊಂದು, ಕನ್ನಡದಲ್ಲಿ ಬರೆದರೆ ಎಥನಾಲ್ ಅಂದರೆ ಆಲ್ಕೋಹಾಲೂ (ethanol) ಆಗುತ್ತೆ, ಆಲ್ಡಿಹೈಡೂ (ethanal) ಆಗುತ್ತೆ. ಪೇಪರ್ ತಿದ್ದುವಾಗ ಇದಕ್ಕೇ ಎಷ್ಟು ಜಗಳ ನೋಡಿದ್ದೇನೆ. ಅದಕ್ಕೇ ನಾನು ಹಳೇ ಹೆಸರು ಅಸಿಟಾಲ್ಡಿಹೈಡ್ ಬಿಟ್ಟಿಲ್ಲ.

ಭಟ್ಟಿಮನೆ_ದಾವಣಗೆರೆ

ಹೈವೇಲಿ ಪೊಲೀಸ್ರು ಊದಿಸ್ತಾರಲ್ಲ, ಅದರೊಳಗೂ ಇದೇ ಕಿತ್ತಳೆ ಹಸಿರಾ ಮೇಡಂ? ನಮ್ಮ ಮಾವ ಒಬ್ರು ಮಂಡಕ್ಕಿ ಬಾಯ್ತುಂಬ ಹಾಕ್ಕೊಂಡು ಊದಿದ್ರೆ ಗೊತ್ತಾಗಲ್ಲ ಅಂತಿದ್ರು.

ರಾತ್ರಿ_ಡ್ಯೂಟಿ

ನಿಮ್ಮ ಮಾವನಿಗೆ ಹೇಳಿ, ಗೊತ್ತಾಗುತ್ತೆ. ಯಂತ್ರ ನೋಡೋದು ಬಾಯಲ್ಲಿರೋದನ್ನಲ್ಲ, ಶ್ವಾಸಕೋಶದ ರಕ್ತದಿಂದ ಉಸಿರಿಗೆ ಬಂದ ಆಲ್ಕೋಹಾಲನ್ನ. 1954ರಲ್ಲಿ ಅಮೆರಿಕದ ಬೋರ್ಕೆನ್‌ಸ್ಟೈನ್ ಮಾಡಿದ ಯಂತ್ರದಲ್ಲಿ ಡೈಕ್ರೋಮೇಟೇ ಇತ್ತು. ಈಗ ಕೈಯಲ್ಲಿ ಹಿಡಿಯೋದರಲ್ಲಿ ಸಾಮಾನ್ಯವಾಗಿ ಪ್ಲಾಟಿನಂ ವಿದ್ಯುದ್ವಾರದ ಫ್ಯೂಯೆಲ್ ಸೆಲ್. ಅಲ್ಲೂ ಎಥನಾಲ್ ಆಕ್ಸಿಡೇಷನ್ ಆಗಿ ಕರೆಂಟ್ ಹುಟ್ಟುತ್ತೆ, ಕರೆಂಟ್ ಎಷ್ಟೋ ಕುಡಿತ ಅಷ್ಟು. ಮೋಟಾರು ವಾಹನ ಕಾಯ್ದೆ 185ನೇ ಸೆಕ್ಷನ್ ಪ್ರಕಾರ 100 ಮಿಲಿ ರಕ್ತಕ್ಕೆ 30 ಮಿಲಿಗ್ರಾಂ ದಾಟಿದ್ರೆ ಕೇಸು.

ಮೇಡಂ ಹೇಳಿದ ಮೂರು ಮೆಟ್ಟಿಲು ನಮ್ಮ ಪಿತ್ತಜನಕಾಂಗದಲ್ಲೂ ಇವೆ. ಒಂದು ಕಿಣ್ವ ಎಥನಾಲನ್ನ ಅಸಿಟಾಲ್ಡಿಹೈಡ್ ಮಾಡುತ್ತೆ, ಇನ್ನೊಂದು ಅದನ್ನ ಅಸಿಟೇಟ್ ಮಾಡುತ್ತೆ. ಕುಡಿತ ಬಿಡಿಸೋಕೆ ಕೊಡೋ ಡೈಸಲ್ಫಿರಾಮ್ ಮಾತ್ರೆ ಎರಡನೇ ಕಿಣ್ವವನ್ನ ಕಟ್ಟಿಹಾಕುತ್ತೆ. ಅದನ್ನ ತಗೊಂಡು ಕುಡಿದ್ರೆ ಅಸಿಟಾಲ್ಡಿಹೈಡ್ ರಕ್ತದಲ್ಲಿ ತುಂಬಿ ಮುಖ ಕೆಂಪು, ಎದೆ ಢವಢವ, ವಾಂತಿ. ಮನೆಯವರು ಕದ್ದು ಸಾರಿನಲ್ಲಿ ಬೆರೆಸಿ ಹಾಕಿ ಕರ್ಕೊಂಡು ಬಂದ ಕೇಸು ನೋಡಿದೀನಿ. ದಯವಿಟ್ಟು ಹಾಗೆ ಮಾಡಬೇಡಿ, ಜೀವಕ್ಕೆ ಅಪಾಯ.

ಕಳ್ಳಭಟ್ಟಿಗೆ ಮೆಥನಾಲ್ ಬೆರೆತರೆ ಆ ಮೊದಲನೇ ಕಿಣ್ವ ಅದನ್ನ ಫಾರ್ಮಾಲ್ಡಿಹೈಡ್ ಮಾಡುತ್ತೆ, ಆಮೇಲೆ ಅದು ಫಾರ್ಮಿಕ್ ಆಮ್ಲ ಆಗುತ್ತೆ. ಕಣ್ಣಿನ ನರ ಸಾಯೋದು ಆ ಫಾರ್ಮಿಕ್ ಆಮ್ಲದಿಂದ. ಅಂಥ ರೋಗಿಗೆ ಆ ಕಿಣ್ವವನ್ನ ತಡೆಯೋ ಫೊಮೆಪಿಜೋಲ್ ಕೊಡ್ತೀವಿ, ಅದಿಲ್ಲದಿದ್ರೆ ಅಳೆದು ಶುದ್ಧ ಎಥನಾಲ್! ಕಿಣ್ವಕ್ಕೆ ಎಥನಾಲ್ ಮೇಲೆ ಪ್ರೀತಿ ಜಾಸ್ತಿ, ಅದರ ಹಿಂದೆ ಹೋದಷ್ಟು ಹೊತ್ತು ಮೆಥನಾಲ್ ಹಾಗೇ ಉಳಿದು ಡಯಾಲಿಸಿಸ್‌ನಲ್ಲಿ ಹೊರಹೋಗುತ್ತೆ.

ಕೋಟೆ_ಕಲ್ಲು

ಎಲ್ಲಾ ಸರಿ. ಮೂಲ ವಿಷಯಕ್ಕೆ ಬರೋಣ. ಗಾಣದೆಣ್ಣೆ ಕಮಟಾಗೋದೇ ಅದು ಶುದ್ಧ ಅನ್ನೋದಕ್ಕೆ ಸಾಕ್ಷಿ. ಪ್ಯಾಕೆಟ್ ಎಣ್ಣೆ ವರ್ಷ ಇಟ್ರೂ ಏನೂ ಆಗಲ್ಲ ಅಂದ್ರೆ ಅದರಲ್ಲಿ ವಿಷ ಇದೆ ಅಂತ ಅರ್ಥ. ನಮ್ಮ ದುರ್ಗದ ಕೋಟೇಲಿ ಎಣ್ಣೆ ಕೊಳ, ತುಪ್ಪದ ಕೊಳ ಅಂತ ಇವೆ, ನೋಡಿದೀರಾ? ಕಲ್ಲಲ್ಲಿ ಕೊರೆದದ್ದು. ಪಾಳೇಗಾರರ ಕಾಲದಲ್ಲಿ ಯಾವ ಪ್ರಿಸರ್ವೇಟಿವ್ ಇತ್ತು?

ಗಾಣದ_ಮನೆ

ಅಣ್ಣ, ಗಾಣ ನಡೆಸೋನು ನಾನೇ, ನನಗೇ ನೀವು ಹೇಳೋದು ಒಪ್ಪಿಗೆ ಇಲ್ಲ. ಒಳ್ಳೇ ಎಣ್ಣೆ ಮೂರು ತಿಂಗಳಿಗೆ ಕಮಟಾಗಬಾರದು. ಎಲ್ಲೋ ತಪ್ಪಾಗೈತೆ. ಹಿರಿಯೂರಿನವರೇ, ಮೂರು ಪ್ರಶ್ನೆ. ಕ್ಯಾನು ಯಾವ ಬಣ್ಣ? ಎಣ್ಣೆ ತಂದಾಗ ತಿಳಿಯಾಗಿತ್ತಾ, ಕದಡು ಇತ್ತಾ? ಕ್ಯಾನು ತೊಳೆದು ಒಣಗಿಸಿ ತುಂಬಿದ್ರಾ, ಇಲ್ಲ ಹಳೇದರ ಮೇಲೇ ಸುರಿಸಿದ್ರಾ?

ಹಿರಿಯೂರು_ತೋಟ

ಬಿಳೀ ಕ್ಯಾನು, ಒಳಗಿಂದು ಕಾಣುತ್ತೆ. ಎಣ್ಣೆ ತಿಳಿಯಾಗೇ ಇತ್ತು, ನಾಲ್ಕು ದಿನ ಅಂಗಳದ ಬಿಸಿಲಲ್ಲಿಟ್ಟು ತಿಳಿ ಮಾಡಿದ್ದು ಅಂದ್ರು ಅಲ್ಲಿ. ಕ್ಯಾನು… ತಳದಲ್ಲಿ ಒಂದು ಲೀಟರ್ ಹಳೇದಿತ್ತು, ಅದರ ಮೇಲೇ ಹಾಕಿಸ್ಕೊಂಡು ಬಂದೆ.

ಗಾಣದ_ಮನೆ

ಸಿಕ್ತು ಕಳ್ಳ. ಮೇಡಂ, ಯಾಕೆ ಅಂತ ನೀವೇ ಹೇಳ್ರಿ. ನನಗೆ ಆಗುತ್ತೆ ಅಂತ ಗೊತ್ತು, ಹೇಗೆ ಅಂತ ಗೊತ್ತಿಲ್ಲ.

ನಿವೃತ್ತ_ಲ್ಯಾಬ್

ಹೇಳುತ್ತೇನೆ. ಇದು ಸ್ವಲ್ಪ ಉದ್ದ, ಚಹಾ ಇಟ್ಟುಕೊಂಡು ಓದಿ.

ಶೇಂಗಾ ಎಣ್ಣೆಯಲ್ಲಿ ಹೆಚ್ಚು ಪಾಲು ಓಲಿಕ್ ಆಮ್ಲ, ನಂತರ ಲಿನೋಲಿಕ್ ಆಮ್ಲ. ಓಲಿಕ್‌ನಲ್ಲಿ ಒಂದು ಜೋಡಿಬಂಧ, ಲಿನೋಲಿಕ್‌ನಲ್ಲಿ ಎರಡು. ಆ ಎರಡು ಜೋಡಿಬಂಧಗಳ ಮಧ್ಯೆ ಸಿಕ್ಕಿಕೊಂಡ ಇಂಗಾಲದ ಹೈಡ್ರೋಜನ್ ಬಹಳ ಸಡಿಲ, ಅಲುಗಾಡುವ ಹಾಲುಹಲ್ಲಿನ ಹಾಗೆ. ಬೆಳಕೋ, ಬಿಸಿಯೋ, ಒಂದಿಷ್ಟು ಕಬ್ಬಿಣವೋ ತಾಮ್ರವೋ ಸಿಕ್ಕರೆ ಕಿತ್ತುಬರುತ್ತದೆ. ಲಿನೋಲಿಕ್ ಆಮ್ಲ ಓಲಿಕ್‌ಗಿಂತ ಹತ್ತು ಪಟ್ಟಿಗೂ ಹೆಚ್ಚು ವೇಗವಾಗಿ ಆಕ್ಸಿಡೇಷನ್ ಆಗುವುದು ಇದಕ್ಕೇ. ಕೊಬ್ಬರಿ ಎಣ್ಣೆಯಲ್ಲಿ ಜೋಡಿಬಂಧವೇ ಕಡಿಮೆ, ಸುಮಾರು ನೂರಕ್ಕೆ ತೊಂಬತ್ತು ಭಾಗ ಸ್ಯಾಚುರೇಟೆಡ್. ಆದ್ದರಿಂದ ಅದು ಈ ರೀತಿಯಲ್ಲಿ ಬೇಗ ಕೆಡಲ್ಲ.

ಹೈಡ್ರೋಜನ್ ಕಳೆದುಕೊಂಡ ಸರಕ್ಕೆ ರ‍್ಯಾಡಿಕಲ್ ಅನ್ನುತ್ತೇವೆ. ಅದು ಗಾಳಿಯ ಆಮ್ಲಜನಕವನ್ನು ಹಿಡಿದು ಪೆರಾಕ್ಸಿ ರ‍್ಯಾಡಿಕಲ್ ಆಗುತ್ತದೆ, ಪಕ್ಕದ ಸರದ ಸಡಿಲ ಹೈಡ್ರೋಜನ್ ಕಿತ್ತು ತಾನು ಹೈಡ್ರೋಪೆರಾಕ್ಸೈಡ್ ಆಗಿ ಸಮಾಧಾನವಾಗುತ್ತದೆ. ಈಗ ಪಕ್ಕದವನು ರ‍್ಯಾಡಿಕಲ್. ಅವನು ತನ್ನ ಪಕ್ಕದವನದು ಕೀಳುತ್ತಾನೆ. ಮುಟ್ಟಾಟದ ಹಾಗೆ ಮುಟ್ಟಿಸಿಕೊಂಡವನು ಇನ್ನೊಬ್ಬನನ್ನು ಮುಟ್ಟಬೇಕು. ಆಟ ನಿಲ್ಲುವುದು ಎರಡು ರ‍್ಯಾಡಿಕಲ್‌ಗಳು ತಮ್ಮತಮ್ಮಲ್ಲೇ ಡಿಕ್ಕಿ ಹೊಡೆದಾಗ.

ಹೈಡ್ರೋಪೆರಾಕ್ಸೈಡಿಗೆ ವಾಸನೆ ಇಲ್ಲ. ಅದು ಒಡೆದು ಚೂರಾದಾಗ ಹುಟ್ಟುವ ಸಣ್ಣ ಆಲ್ಡಿಹೈಡ್‌ಗಳಿಗೆ ವಾಸನೆ. ಲಿನೋಲಿಕ್‌ನಿಂದ ಬರುವ ಮುಖ್ಯ ಚೂರು ಹೆಕ್ಸನಾಲ್ಡಿಹೈಡ್, ಆರು ಇಂಗಾಲದ್ದು. ಪಿಯು ಹುಡುಗಿ ಗಮನಿಸಲಿ, ಆರು ಇಂಗಾಲದ ಪ್ರೈಮರಿ ಆಲ್ಕೋಹಾಲನ್ನು ಪಿಸಿಸಿ ಹಾಕಿ ಆಕ್ಸಿಡೇಷನ್ ಮಾಡಿದರೂ ಸಿಗುವುದು ಇದೇ ವಸ್ತು. ಲ್ಯಾಬಿನಲ್ಲಿ ಬಾಟಲಿ ತೆಗೆದರೆ ನನಗೆ ನಮ್ಮಜ್ಜಿ ಮನೆ ಎಣ್ಣೆ ಡಬ್ಬಿಯೇ ನೆನಪಾಗುತ್ತಿತ್ತು. ಹಿರಿಯೂರಿನವರ ಜಾಡಿ ಮತ್ತು ಕ್ಯಾನು ಭೇಟಿಯಾಗುವುದು ಈ ಆಲ್ಡಿಹೈಡ್ ಮೆಟ್ಟಿಲಲ್ಲಿ. ದಾರಿ ಮಾತ್ರ ಬೇರೆ ಬೇರೆ.

ಈಗ ತಪ್ಪುಗಳು. ಬಿಸಿಲಿಗಿಟ್ಟು ತಿಳಿ ಮಾಡಿದ್ದು ಒಂದು. ಗಾಣದೆಣ್ಣೆಯಲ್ಲಿ ಕ್ಲೋರೋಫಿಲ್‌ನಂಥ ಬಣ್ಣದ ಅಣುಗಳ ಅಂಶ ಸ್ವಲ್ಪವಾದರೂ ಉಳಿದಿರಬಹುದು. ಅವು ಬೆಳಕು ಹೀರಿ ಆ ಶಕ್ತಿಯನ್ನು ಆಮ್ಲಜನಕಕ್ಕೆ ದಾಟಿಸುತ್ತವೆ. ಹಾಗೆ ಕೆರಳಿದ ಆಮ್ಲಜನಕ ಜೋಡಿಬಂಧಕ್ಕೆ ನೇರವಾಗಿ ಎರಗುತ್ತದೆ. ಬಿಳೀ ಕ್ಯಾನು ಅದನ್ನೇ ಮನೆಯಲ್ಲೂ ಮುಂದುವರಿಸಿತು. ಅರ್ಧ ಖಾಲಿ ಕ್ಯಾನಿನಲ್ಲಿ ಉಳಿದರ್ಧ ಗಾಳಿ ತಾನೆ?

ದೊಡ್ಡ ತಪ್ಪು ತಳದ ಒಂದು ಲೀಟರ್. ಹಳೇ ಎಣ್ಣೆಯಲ್ಲಿ ಪೆರಾಕ್ಸೈಡ್‌ಗಳು ರೆಡಿ ಇದ್ದವು. ಅದರ ಮೇಲೆ ಹೊಸ ಎಣ್ಣೆ ಸುರಿದದ್ದು ಹಾಲಿಗೆ ಹೆಪ್ಪು ಹಾಕಿದ ಹಾಗೆ. ಹೊಸ ಎಣ್ಣೆಯಲ್ಲಿ ಸಹಜವಾಗಿಯೇ ಇರುವ ವಿಟಮಿನ್ ಇ ಮೊದಮೊದಲು ಹೊಡೆತ ತಾನು ತಿನ್ನುತ್ತದೆ, ಅಷ್ಟು ದಿನ ಎಣ್ಣೆಗೆ ಏನೂ ಆಗಿಲ್ಲ ಅನ್ನಿಸುತ್ತದೆ. ಅದು ಮುಗಿದ ದಿನ ಏಕಾಏಕಿ ಕಮಟು. ಹೆಪ್ಪು ಹಾಕಿದರೆ ಆ ದಿನ ಬೇಗ ಬರುತ್ತದೆ.

ಕೋಟೆ_ಕಲ್ಲು ಅವರೇ, ಕೊಳ ನೋಡಿದ್ದೇನೆ, ಮಕ್ಕಳನ್ನು ಕರೆದುಕೊಂಡು ಹತ್ತಿಳಿದಿದ್ದೇನೆ. ಅಲ್ಲಿಯ ಎಣ್ಣೆ ಪಂಜಿಗಾಗಿದ್ದರೆ, ಕಮಟಾದರೂ ಚೆನ್ನಾಗಿ ಉರಿಯುತ್ತದೆ! ರಿಫೈನ್ಡ್ ಎಣ್ಣೆ ತಡೆಯುವುದಕ್ಕೆ ವಿಷ ಕಾರಣವಲ್ಲ. ರಿಫೈನರಿಯಲ್ಲಿ ಕಬ್ಬಿಣ, ತಾಮ್ರ, ಕ್ಲೋರೋಫಿಲ್, ಬಿಡಿ ಕೊಬ್ಬಿನಾಮ್ಲ ತೆಗೆಯುತ್ತಾರೆ, ಆವಿ ಹಾಯಿಸಿ ವಾಸನೆ ತೆಗೆಯುತ್ತಾರೆ, ಗಾಳಿ ಬೆಳಕು ತಗಲದ ಹಾಗೆ ತುಂಬುತ್ತಾರೆ. ಕೆಲವಕ್ಕೆ ಕಮಟು ತಡೆಯುವ ಟಿಬಿಎಚ್‌ಕ್ಯೂ ಅನ್ನುವ ರಾಸಾಯನಿಕ ಹಾಕುತ್ತಾರೆ, ಲೇಬಲ್ಲಿನಲ್ಲಿ 319 ಅಂತ ಇರುತ್ತದೆ, ಮಿತಿ ಕಿಲೋಗೆ 200 ಮಿಲಿಗ್ರಾಂ. ಗಾಣದ ಎಣ್ಣೆಗೆ ಅದರದೇ ರುಚಿ ಇದೆ, ನಾನೂ ಅದನ್ನೇ ತರುತ್ತೇನೆ. ಆದರೆ ಕಮಟಾದದ್ದೇ ಶುದ್ಧತೆಯ ಸರ್ಟಿಫಿಕೇಟ್ ಅಂದರೆ ಹಳಸಿದ ಅನ್ನವೇ ಶ್ರೇಷ್ಠ ಅನ್ನಬೇಕಾಗುತ್ತದೆ.

ಕೋಟೆ_ಕಲ್ಲು

ಪಂಜಿನ ಮಾತು ಒಪ್ಪಿದೆ. ಆದ್ರೆ ನಮ್ಮಮ್ಮ ತುಪ್ಪ ಕಾಯಿಸುವಾಗ ವೀಳ್ಯದೆಲೆ ಹಾಕ್ತಿದ್ರು, ಆರು ತಿಂಗಳು ಏನೂ ಆಗ್ತಿರಲಿಲ್ಲ. ಅದಕ್ಕೇನಂತೀರಿ?

ನಿವೃತ್ತ_ಲ್ಯಾಬ್

ನಿಮ್ಮಮ್ಮ ಕೆಮಿಸ್ಟ್ ಅನ್ನುತ್ತೇನೆ. ವೀಳ್ಯದೆಲೆಯಲ್ಲಿ ಫೀನಾಲ್ ಜಾತಿಯ ವಸ್ತುಗಳಿವೆ, ಯೂಜಿನಾಲ್ ಅಂಥದ್ದೇ. ಕರಿಬೇವಿನಲ್ಲೂ ಆ ಗುಣವಿದೆ. ಫೀನಾಲಿನಲ್ಲೂ ಓಎಚ್ ಇದೆ, ಆದರೆ ಅದು ಬೆಂಜೀನ್ ಉಂಗುರಕ್ಕೆ ಅಂಟಿಕೊಂಡದ್ದು. ಅದು ತನ್ನ ಹೈಡ್ರೋಜನ್ನನ್ನು ಪೆರಾಕ್ಸಿ ರ‍್ಯಾಡಿಕಲ್‌ಗೆ ಕೊಟ್ಟುಬಿಡುತ್ತದೆ. ತಾನು ರ‍್ಯಾಡಿಕಲ್ ಆದರೂ ಉಂಗುರದಲ್ಲಿ ಹಂಚಿಕೊಂಡು ಸುಮ್ಮನೆ ಕೂರುತ್ತದೆ, ಯಾರನ್ನೂ ಮುಟ್ಟಲ್ಲ. ಆಟ ಅಲ್ಲಿಗೆ ನಿಂತಿತು. ವಿಟಮಿನ್ ಇ, ಎಳ್ಳೆಣ್ಣೆಯ ಸೆಸಮಾಲ್, ನೀವು ವಿಷ ಅಂದ ಟಿಬಿಎಚ್‌ಕ್ಯೂ, ಎಲ್ಲದರ ಕೆಲಸವೂ ಇದೇ ಥರ. ಆಲ್ಕೋಹಾಲಿನ ಓಎಚ್ ಆಕ್ಸಿಡೇಷನ್‌ಗೆ ತುತ್ತಾಗುತ್ತದೆ, ಫೀನಾಲಿನ ಓಎಚ್ ಇನ್ನೊಬ್ಬರಿಗಾಗಿ ತುತ್ತಾಗುತ್ತದೆ. ನಾನು ಪಾಠ ಮಾಡುವಾಗ ಇದನ್ನು ಹೇಳಲು ಕಾಯುತ್ತಿದ್ದೆ.

ಬದನೆಕಾಯಿ ಹೆಚ್ಚಿದರೆ ಕಪ್ಪಾಗುವುದೂ ಫೀನಾಲ್‌ಗಳು ಆಕ್ಸಿಡೇಷನ್ ಆಗುವುದರಿಂದಲೇ, ಅಲ್ಲಿ ಕಿಣ್ವ ಮಾಡಿಸುತ್ತದೆ. ನೀರಿಗೆ ಹಾಕಿದರೆ ಗಾಳಿ ತಪ್ಪುತ್ತದೆ. ಬಾಳೆದಿಂಡನ್ನು ಮಜ್ಜಿಗೆಗೆ ಹಾಕಿದರೆ ಹುಳಿಗೆ ಕಿಣ್ವವೂ ಮಂಕಾಗುತ್ತದೆ.

ಭಟ್ಟಿಮನೆ_ದಾವಣಗೆರೆ

ನಂದೂ ಒಂದು. ಮಂಡಕ್ಕಿ ನಾಲ್ಕು ದಿನಕ್ಕೆ ಮೆತ್ತಗಾಗತ್ತೆ, ಅದೂ ಆಕ್ಸಿಡೇಷನ್ನಾ? ಖಾರ ಮಂಡಕ್ಕಿ ಪ್ಯಾಕೆಟ್ ಮಾಡಿ ಮಾರೋಣ ಅಂತ ತಮ್ಮ ಶುರು ಮಾಡಿದ್ದ. ಒಂದೂವರೆ ತಿಂಗಳಿಗೆ ಅಂಗಡಿಯವರು ವಾಪಸ್ ಕಳಿಸಿದ್ರು, ಕಮಟು ಅಂತ. ಗರಿಗರಿ ಮಾತ್ರ ಹಂಗೇ ಇತ್ತು. ಮತ್ತೆ ಬೆಣ್ಣೆದೋಸೆ ಬೆಣ್ಣೆ ಬೇಸಿಗೇಲಿ ಎರಡು ದಿನಕ್ಕೇ ನಾರುತ್ತಲ್ಲ?

ನಿವೃತ್ತ_ಲ್ಯಾಬ್

ಮೂರೂ ಬೇರೆ ಬೇರೆ. ಮಂಡಕ್ಕಿ ಮೆತ್ತಗಾಗುವುದು ಗಾಳಿಯ ತೇವ ಎಳೆದುಕೊಂಡು, ಆಕ್ಸಿಡೇಷನ್ ಅಲ್ಲ. ಬಾಣಲೆಯಲ್ಲಿ ಬೆಚ್ಚಗೆ ಮಾಡಿದರೆ ಗರಿಗರಿ ವಾಪಸ್ ಬರುತ್ತದೆ. ಕಮಟು ಹಾಗೆ ವಾಪಸ್ ಹೋಗಲ್ಲ. ಕಾಯಿಸಿದರೆ ವಾಸನೆಯ ಒಂದು ಪಾಲು ಹಾರಿ ಹೋಗಬಹುದು, ಕೆಟ್ಟ ಎಣ್ಣೆ ಕೆಟ್ಟದ್ದೇ.

ತಮ್ಮನ ಖಾರ ಮಂಡಕ್ಕಿಯಲ್ಲಿ ನಡೆದದ್ದು ನೋಡಿ. ಒಗ್ಗರಣೆಯ ಎಣ್ಣೆ ಒಂದೊಂದು ಕಾಳಿನ ಮೇಲೂ ತೆಳುವಾಗಿ ಹರಡಿದೆ, ಕಾಳೊಳಗೆಲ್ಲಾ ತೂತು, ತೂತಿನಲ್ಲೆಲ್ಲಾ ಗಾಳಿ. ಎಣ್ಣೆಗೂ ಗಾಳಿಗೂ ಇಷ್ಟು ಅಗಲದ ಭೇಟಿ ಡಬ್ಬಿಯಲ್ಲಿ ಆಗಲ್ಲ. ಗರಿಗರಿಯಾಗಿರಲಿ ಅಂತ ಪೂರ್ತಿ ಒಣಗಿಸಿದ್ದೂ ಉಲ್ಟಾ ಹೊಡೆದಿರಬಹುದು. ತೀರಾ ಒಣ ತಿಂಡಿಯಲ್ಲಿ ಕೊಬ್ಬು ಬೇಗ ಆಕ್ಸಿಡೇಷನ್ ಆಗುತ್ತದೆ, ಅಲ್ಪಸ್ವಲ್ಪ ತೇವ ರಕ್ಷಣೆ ಕೊಡುತ್ತದೆ, ಮತ್ತೆ ಜಾಸ್ತಿ ತೇವ ಬಂದರೆ ಬೂಷ್ಟು. ಚಿಪ್ಸ್ ಪ್ಯಾಕೆಟ್ಟಿನಲ್ಲಿ ನೈಟ್ರೋಜನ್ ತುಂಬುವುದು, ಒಳಗೆ ಬೆಳ್ಳಿ ಬಣ್ಣದ ಹಾಳೆ ಹಾಕುವುದು ಇದಕ್ಕೇ. ಪಾರದರ್ಶಕ ಪ್ಲಾಸ್ಟಿಕ್ ಕವರಿನಲ್ಲಿ ಟ್ಯೂಬ್‌ಲೈಟ್ ಕೆಳಗೆ ನೇತುಹಾಕಿದರೆ ಒಂದೂವರೆ ತಿಂಗಳು ಬಂದದ್ದೇ ಹೆಚ್ಚು. ಹಿಂದಿನ ದಿನ ಮಿರ್ಚಿ ಕರಿದ ಎಣ್ಣೆಯಲ್ಲೇ ಒಗ್ಗರಣೆ ಹಾಕಿದ್ದರೆ ಅದು ಮತ್ತೆ ಹೆಪ್ಪಿನ ಕಥೆ. ಹಾಕಿದ್ದನಾ?

ಬೆಣ್ಣೆಯ ನಾತ ಬಹುಮಟ್ಟಿಗೆ ಆಕ್ಸಿಡೇಷನ್ ಅಲ್ಲ. ಬೆಣ್ಣೆಯಲ್ಲಿ ನೂರಕ್ಕೆ 16ರಷ್ಟು ನೀರಿದೆ, ಲೈಪೇಸ್ ಕಿಣ್ವ ಆ ನೀರು ಬಳಸಿ ಕೊಬ್ಬನ್ನು ಸೀಳಿ ಬ್ಯೂಟಿರಿಕ್ ಆಮ್ಲ ಬಿಡುಗಡೆ ಮಾಡುತ್ತದೆ. ಆ ಹೆಸರು ಬೆಣ್ಣೆಯಿಂದಲೇ ಬಂದದ್ದು. ನಾಲ್ಕು ಇಂಗಾಲದ ಬ್ಯೂಟನಾಲನ್ನು ಡೈಕ್ರೋಮೇಟಿನಲ್ಲಿ ಆಮ್ಲದ ತನಕ ಓಡಿಸಿದರೂ ಅದೇ ನಾತ ಬರುತ್ತದೆ, ನಮ್ಮ ಲ್ಯಾಬಿನಲ್ಲಿ ಒಮ್ಮೆ ಬಂದು ಪಕ್ಕದ ಕ್ಲಾಸಿನವರು ಕಂಪ್ಲೇಂಟ್ ಕೊಟ್ಟರು. ಬೆಣ್ಣೆ ಕಾಯಿಸಿ ತುಪ್ಪ ಮಾಡಿದರೆ ನೀರೂ ಹೋಗುತ್ತದೆ, ಕಿಣ್ವವೂ ಸಾಯುತ್ತದೆ, ಆದ್ದರಿಂದ ತುಪ್ಪ ಬೆಣ್ಣೆಗಿಂತ ಎಷ್ಟೋ ದಿನ ಬಾಳುತ್ತದೆ.

ನಮ್ಮ ಭಾಷೆ ಇವನ್ನೆಲ್ಲ ಬೇರೆ ಬೇರೆ ಮಾಡಿ ಇಟ್ಟಿದೆಯಲ್ಲ. ಅನ್ನ ಹಳಸುತ್ತೆ, ಹಿಟ್ಟು ಹುಳಿ ಬರುತ್ತೆ, ರೊಟ್ಟಿ ಬೂಷ್ಟು ಹಿಡಿಯುತ್ತೆ, ಮಂಡಕ್ಕಿ ಮೆತ್ತಗಾಗುತ್ತೆ, ಎಣ್ಣೆ ಕಮಟಾಗುತ್ತೆ. ಎಣ್ಣೆ ಹಳಸಿದೆ ಅಂತ ಯಾರೂ ಹೇಳಲ್ಲ.

ಭಟ್ಟಿಮನೆ_ದಾವಣಗೆರೆ

ಕೇಳಿದೆ. ಹಾಕಿದ್ನಂತೆ. "ವೇಸ್ಟ್ ಆಗುತ್ತಲ್ಲ" ಅಂದ.

ರಾತ್ರಿ_ಡ್ಯೂಟಿ

ಕರಿದ ಎಣ್ಣೆ ಬಗ್ಗೆ ಒಂದು ಮಾತು. 2018ರ ಜುಲೈ 1ರಿಂದ ಆಹಾರ ಸುರಕ್ಷತಾ ಪ್ರಾಧಿಕಾರದ (ಎಫ್‌ಎಸ್‌ಎಸ್‌ಎಐ) ನಿಯಮ ಇದೆ, ಎಣ್ಣೆ ಕಾದು ಕೆಟ್ಟಾಗ ಹುಟ್ಟೋ ಒಟ್ಟು ಪೋಲಾರ್ ವಸ್ತುಗಳು ನೂರಕ್ಕೆ 25 ದಾಟಿದ ಎಣ್ಣೆ ಮತ್ತೆ ಬಳಸೋ ಹಾಗಿಲ್ಲ. ಮನೇಲಿ ಮೀಟರ್ ಇರಲ್ಲ. ಎಣ್ಣೆ ಕಪ್ಪಾಗಿ, ಗಟ್ಟಿಯಾಗಿ, ಬಜ್ಜಿ ಬಿಟ್ಟ ತಕ್ಷಣ ನೊರೆ ಎದ್ದು ಇಳೀದಿದ್ರೆ ಸಾಕು ಅಂತ ಅರ್ಥ.

ಪಿಯು_ಎರಡನೇವರ್ಷ

ಹಿರಿಯೂರು ಅಣ್ಣ ನಮ್ಮ ಕಾಲೇಜಿನ ಹತ್ರ ಬಸ್‌ನಲ್ಲಿ ಒಂದು ಬಾಟಲಿ ವಿನೆಗರ್ ಕಳಿಸಿದ್ರು, ಸರ್ ಪರ್ಮಿಷನ್ ಕೊಟ್ರು, ಆಮ್ಲ ಎಷ್ಟಿದೆ ಅಂತ ಅಳೆಯೋ ಟೈಟ್ರೇಷನ್ ಮಾಡಿದೆ. ಮೊದಲನೇ ಸಲ ಫೇಲ್. ಫೀನಾಫ್ತಲೀನ್ ಹಾಕಿ ಗುಲಾಬಿ ಬರೋದನ್ನ ಕಾಯ್ತಾ ಕೂತೆ, ದಾಳಿಂಬೆ ವಿನೆಗರ್ ಮೊದಲೇ ಗುಲಾಬಿ! ಸೋಡಿಯಂ ಹೈಡ್ರಾಕ್ಸೈಡ್ ಬೀಳ್ತಾ ಬೀಳ್ತಾ ಅದು ಮಾಸಲು ನೀಲಿ, ಆಮೇಲೆ ಹಸಿರು ಥರ ಆಯ್ತು. ಹಣ್ಣಿನ ಬಣ್ಣವೇ ಇಂಡಿಕೇಟರ್ ಕೆಲಸ ಮಾಡ್ತಿದೆ ಅಂತ ಸರ್ ನಕ್ಕರು. ಆಮೇಲೆ 1 ಮಿಲಿ ವಿನೆಗರ್‌ಗೆ 100 ಮಿಲಿ ನೀರು ಸೇರಿಸಿದೆ, ಬಣ್ಣ ಕಾಣದಷ್ಟು ತೆಳುವಾಯ್ತು. 0.1 ಮೋಲಾರ್ ಹೈಡ್ರಾಕ್ಸೈಡ್ 7.2 ಮಿಲಿ ಹಿಡೀತು. 0.72 ಮಿಲಿಮೋಲ್, ಇಂಟು 60 (ಅಸಿಟಿಕ್ ಆಮ್ಲದ ಅಣುತೂಕ), ಅಂದ್ರೆ 43 ಮಿಲಿಗ್ರಾಂ. 100 ಮಿಲಿಗೆ 4.3 ಗ್ರಾಂ. ಸರೀನಾ ಮೇಡಂ?

ನಿವೃತ್ತ_ಲ್ಯಾಬ್

ಲೆಕ್ಕ ಸರಿ, ಸೋತದ್ದನ್ನೂ ಬರೆದದ್ದು ಇನ್ನೂ ಸರಿ. ಒಂದು ತಿದ್ದುಪಡಿ. ದಾಳಿಂಬೆಯಲ್ಲಿ ಮೊದಲೇ ಸಿಟ್ರಿಕ್ ಆಮ್ಲ ಇರುತ್ತದೆ, ಅದೂ ನಿನ್ನ 7.2ರಲ್ಲಿ ಸೇರಿದೆ. ಅಸಿಟಿಕ್ ಆಮ್ಲವೊಂದೇ ತೆಗೆದರೆ ಇನ್ನಷ್ಟು ಕಡಿಮೆ. ಮಾರುವ ವಿನೆಗರ್‌ಗೆ ನಮ್ಮ ಕಾನೂನು ಕೇಳುವುದು 100 ಮಿಲಿಗೆ ಕನಿಷ್ಠ 3.75 ಗ್ರಾಂ, ಆದ್ದರಿಂದ ನಿಮ್ಮದು ಗಡಿಯ ಆಸುಪಾಸಿನಲ್ಲಿದೆ. ರಸದಲ್ಲಿ 100 ಮಿಲಿಗೆ 14 ಗ್ರಾಂ ಸಕ್ಕರೆ ಇತ್ತು ಅಂದುಕೊಂಡರೆ ಕಾಗದದ ಮೇಲೆ 9.3 ಗ್ರಾಂ ಆಮ್ಲ ಬರಬೇಕು. ಜಾಡಿಯಿಂದ ಆವಿಯಾದದ್ದು, ಜೀವಿಗಳು ತಿಂದದ್ದು ಕಳೆದರೆ ಅರ್ಧ ಉಳಿದದ್ದು ಕೆಟ್ಟ ಫಲಿತಾಂಶ ಅಲ್ಲವೇ ಅಲ್ಲ.

ಹಿರಿಯೂರಿನವರಿಗೆ ತುರ್ತು ಸೂಚನೆ. ಜಾಡಿ ಇನ್ನೂ ಬಟ್ಟೆ ಕಟ್ಟಿಯೇ ಇದ್ದರೆ ಇವತ್ತೇ ಸೋಸಿ, ಗಾಜಿನ ಬಾಟಲಿಗೆ ಕಂಠದ ತನಕ ತುಂಬಿ ಬಿಗಿಯಾಗಿ ಮುಚ್ಚಿ. ಎಥನಾಲ್ ಮುಗಿದ ಮೇಲೆ ಅಸಿಟೋಬ್ಯಾಕ್ಟರ್ ಸುಮ್ಮನಿರಲ್ಲ, ಅಸಿಟಿಕ್ ಆಮ್ಲವನ್ನೇ ತಿಂದು ನೀರು, ಇಂಗಾಲದ ಡೈಆಕ್ಸೈಡ್ ಮಾಡುತ್ತದೆ. ಮೆಟ್ಟಿಲು ಮೂರೇ ಅಂದಿದ್ದೆ, ಕೆಳಗೆ ನೆಲಮಾಳಿಗೆಯೂ ಇದೆ.

ಹಿರಿಯೂರು_ತೋಟ

ಮೇಡಂ, ಓದಿದ ತಕ್ಷಣ ಓಡಿದೆ. ಹನ್ನೊಂದು ಬಾಟಲಿ ಆಯ್ತು. ಪದರಾನ ಅಮ್ಮ ಎಸೆಯೋಕೆ ಬಿಡ್ತಿಲ್ಲ, ಮುಂದಿನ ಸಲಕ್ಕೆ ಬೇಕು ಅಂತ ಚಿಕ್ಕ ಜಾಡೀಲಿ ಸ್ವಲ್ಪ ವಿನೆಗರ್ ಜೊತೆ ಇಟ್ಟಿದಾಳೆ. ಕಮಟು ಎಣ್ಣೆ ಏಳು ಲೀಟರ್ ಉಳಿದಿದೆ, ಕಾರ್ತಿಕ ಮಾಸ, ದೇವಸ್ಥಾನದ ದೀಪಕ್ಕೆ ಕೊಟ್ಟೆ. ಪೂಜಾರಪ್ಪ ಮೂಸಿ ನೋಡಿ ನನ್ನ ಮುಖ ನೋಡಿದ್ರು, ಏನೂ ಅನ್ನಲಿಲ್ಲ.

ಗಾಣದ_ಮನೆ

ಮುಂದಿನ ಸಲ ಸ್ಟೀಲ್ ಕ್ಯಾನು ತಗಂಬರ್ರಿ, ಸೋಪಿನಲ್ಲಿ ತೊಳೆದು ಪೂರ್ತಿ ಒಣಗಿಸಿದ್ದು. ಐದೈದು ಲೀಟರಿನ ಮೂರು. ಬಿಸಿಲಿಗಿಡಲ್ಲ ನಾವು, ಕತ್ತಲೆ ಕೋಣೇಲಿ ವಾರ ಬಿಟ್ಟು ಬಟ್ಟೇಲಿ ಸೋಸ್ತೀವಿ. ಮತ್ತೆ ನೀವು ಎಣ್ಣೆ ತಂದಿದ್ದು ನಮ್ಮ ಗಾಣದಿಂದಲ್ಲ ತಾನೆ?

ಹಿರಿಯೂರು_ತೋಟ

ಅದನ್ನ ಮಾತ್ರ ಕೇಳಬ್ಯಾಡ ಅಣ್ಣ.